ಡಿಸಿ ಮೋಟಾರ್, ಡಿಸಿ ಜನರೇಟರ್: ಒಂದೇ ಯಂತ್ರ, ಎರಡು ಕೆಲಸ

ಮಿಕ್ಸಿಯಲ್ಲಿ ಉದ್ದು ರುಬ್ಬುವಾಗ ನೀರು ಕಡಿಮೆಯಾಗಿ ಹಿಟ್ಟು ಗಟ್ಟಿಯಾಯಿತು, ಬ್ಲೇಡ್ ಸಿಕ್ಕಿಕೊಂಡಿತು ಅಂದುಕೊಳ್ಳಿ. ಗುಂಡಿ ಮೂರರಲ್ಲೇ ಇದ್ದರೆ ಕೆಲವೇ ಸೆಕೆಂಡುಗಳಲ್ಲಿ ವಾರ್ನಿಶ್ ಸುಟ್ಟ ವಾಸನೆ ಬರುತ್ತದೆ. ಅದೃಷ್ಟವಿದ್ದರೆ ಅಷ್ಟರಲ್ಲಿ ತಳದ ಕೆಂಪು ಗುಂಡಿ ಟಕ್ ಎಂದು ಹೊರಬಂದು ಕರೆಂಟ್ ಕಡಿಯುತ್ತದೆ. ಅದೇ ಮಿಕ್ಸಿ ಹತ್ತು ನಿಮಿಷ ರುಬ್ಬಿದ್ದರೂ ಇಷ್ಟು ಬಿಸಿಯಾಗುತ್ತಿರಲಿಲ್ಲ. ಕೆಲಸ ಮಾಡುವ ಮೋಟಾರ್ ತಣ್ಣಗಿದೆ, ಸುಮ್ಮನೆ ನಿಂತ ಮೋಟಾರ್ ಸುಡುತ್ತಿದೆ!

ಇದು ಏಕೆ ಎಂದು ಗೊತ್ತಾದರೆ ಡಿಸಿ ಯಂತ್ರಗಳ ಮುಕ್ಕಾಲು ಪಾಲು ಅರ್ಥವಾದಂತೆಯೇ. ತಿರುಗುತ್ತಿರುವ ಪ್ರತಿ ಮೋಟಾರ್ ಅದೇ ಹೊತ್ತಿಗೆ ಜನರೇಟರ್ ಕೂಡ ಹೌದು. ನೀವು ಕೊಟ್ಟ ವೋಲ್ಟೇಜಿಗೆ ಎದುರಾಗಿ ಅದು ತನ್ನದೇ ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ಹಿಡಿದಿಡುತ್ತದೆ. ನಿಂತ ಕ್ಷಣ ಆ ತಡೆ ಇಲ್ಲವಾಗುತ್ತದೆ. ಮುಂದಿನ ಎಲ್ಲ ಹಂತಗಳಲ್ಲೂ ಇದೊಂದನ್ನು ಕೈಬಿಡದೆ ಹಿಡಿದುಕೊಳ್ಳಿ.

ಹಂತ 1: ಪಿನ್ನಿನ ಮೋಟಾರ್

ಬೇಕಾದದ್ದು ಒಂದು 1.5 ವೋಲ್ಟ್ ಪೆನ್ ಸೆಲ್, ಎರಡು ದೊಡ್ಡ ಸೇಫ್ಟಿ ಪಿನ್, ಹಳೆಯ ಸ್ಪೀಕರಿನಿಂದ ತೆಗೆದ ಅಥವಾ ಅಂಗಡಿಯಿಂದ ತಂದ ಅಯಸ್ಕಾಂತ, ಮತ್ತು ಅರ್ಧ ಮೀಟರಿಗಿಂತ ತುಸು ಹೆಚ್ಚು 26 ಗೇಜಿನ ಎನಾಮಲ್ ತಾಮ್ರದ ತಂತಿ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿದರೆ ತುಂಡು ತಂತಿ ಸಿಗುತ್ತದೆ.

ತಂತಿಯನ್ನು ಸೆಲ್ಲಿನ ಮೇಲೇ 10 ಸುತ್ತು ಸುತ್ತಿ ಹೊರಗೆಳೆಯಿರಿ. ಎರಡು ತುದಿಗಳನ್ನು ಸುರುಳಿಗೆ ಎರಡೆರಡು ಬಾರಿ ಬಿಗಿದು, ಎದುರುಬದುರಾಗಿ ಮೂರು ಮೂರು ಸೆಂಟಿಮೀಟರ್ ನೇರವಾಗಿ ಹೊರಗೆ ಬಿಡಿ. ಇವೇ ಷಾಫ್ಟ್. ಪಿನ್ನುಗಳನ್ನು ಸೆಲ್ಲಿನ ಎರಡು ತುದಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಅವುಗಳ ಕಣ್ಣಿನಲ್ಲಿ ಷಾಫ್ಟ್ ಕೂರಿಸಿ, ಅಯಸ್ಕಾಂತವನ್ನು ಸೆಲ್ಲಿನ ಬೆನ್ನ ಮೇಲೆ ಸುರುಳಿಯ ಕೆಳಗೆ ಬರುವಂತೆ ಇಡಿ.

ಎಲ್ಲರೂ ಎಡವುವುದು ತುದಿ ಕೆರೆಯುವಲ್ಲಿ. ಒಂದು ತುದಿಯ ಎನಾಮಲ್ಲನ್ನು ಸುತ್ತಲೂ ಪೂರ್ತಿ ಕೆರೆದು ತೆಗೆಯಬೇಕು. ಇನ್ನೊಂದರಲ್ಲಿ ಅರ್ಧ ಮಾತ್ರ. ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡು, ಆ ತುದಿಯನ್ನು ಮೇಜಿನ ಅಂಚಿಗೆ ಒರಗಿಸಿ, ಮೇಲ್ಮುಖದ ಅರ್ಧವನ್ನಷ್ಟೇ ಬ್ಲೇಡಿನಿಂದ ಕೆರೆಯಿರಿ. ಎರಡೂ ತುದಿ ಪೂರ್ತಿ ಕೆರೆದರೆ ಸುರುಳಿ ಒಮ್ಮೆ ಅಲ್ಲಾಡಿ ನಿಂತುಬಿಡುತ್ತದೆ. ಮೊದಲ ಅರ್ಧ ಸುತ್ತಿನಲ್ಲಿ ಮುಂದಕ್ಕೆ ತಳ್ಳಿದ ಬಲವೇ ಮುಂದಿನ ಅರ್ಧ ಸುತ್ತಿನಲ್ಲಿ ಹಿಂದಕ್ಕೆ ಎಳೆಯುವುದು ಇದಕ್ಕೆ ಕಾರಣ. ಅರ್ಧ ಉಳಿಸಿದ ಎನಾಮಲ್ ಆ ಎಳೆಯುವ ಹೊತ್ತಿಗೆ ಕರೆಂಟ್ ಕಡಿಯುತ್ತದೆ, ಸುರುಳಿ ತನ್ನ ವೇಗದಲ್ಲೇ ದಾಟಿಕೊಳ್ಳುತ್ತದೆ.

ಬೆರಳಿನಿಂದ ಒಮ್ಮೆ ಮೆಲ್ಲಗೆ ತಳ್ಳಿದರೆ ಓಡುತ್ತದೆ. ಓಡದಿದ್ದರೆ ಷಾಫ್ಟ್ ಸೊಟ್ಟಗಿದೆಯೇ, ಸುರುಳಿ ಒಂದು ಕಡೆ ಭಾರವಾಗಿದೆಯೇ ನೋಡಿ. ಸಾಮಾನ್ಯವಾಗಿ ಇವೆರಡರಲ್ಲಿ ಒಂದು ಇರುತ್ತದೆ. ಈ ತಂತಿಯ ರೋಧ ಓಮಿನ ನೂರರಲ್ಲಿ ಐದಾರು ಭಾಗದಷ್ಟೇ, ಅಂದರೆ ಸೆಲ್ಲಿಗೆ ಇದು ಹೆಚ್ಚೂಕಡಿಮೆ ಷಾರ್ಟ್ ಸರ್ಕಿಟ್. ಅರ್ಧ ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ. ಮೊಬೈಲಿನಿಂದ ತೆಗೆದ ಲಿಥಿಯಂ ಬ್ಯಾಟರಿಯನ್ನಂತೂ ಇದಕ್ಕೆ ಜೋಡಿಸಲೇಬಾರದು.

ಹಂತ 2: ಎರಡು ಆಟಿಕೆ ಮೋಟಾರ್, ಒಂದು ವಾಲ್ ಟ್ಯೂಬ್

ಆಟಿಕೆ ಕಾರಿನ 3 ವೋಲ್ಟ್ ಮೋಟಾರ್ ಎರಡು ತೆಗೆದುಕೊಳ್ಳಿ. ಷಾಫ್ಟ್‌ಗಳನ್ನು ಎದುರುಬದುರು ಇಟ್ಟು ಸೈಕಲ್ ವಾಲ್ ಟ್ಯೂಬಿನ ತುಂಡಿನಿಂದ ಸೇರಿಸಿ. ಎರಡನ್ನೂ ಒಂದು ಪಟ್ಟಿಯ ಮೇಲೆ ಅಲ್ಲಾಡದಂತೆ ಟೇಪ್ ಹಾಕಿ. ಒಂದಕ್ಕೆ ಎರಡು ಸೆಲ್ ಕೊಡಿ, ಇನ್ನೊಂದರ ತಂತಿಗಳಿಗೆ ಮಲ್ಟಿಮೀಟರ್ ಜೋಡಿಸಿ. ಎರಡನೆಯದು 2 ವೋಲ್ಟ್ ಆಸುಪಾಸು ತೋರಿಸುತ್ತದೆ, ಕೆಂಪು ಎಲ್ಇಡಿ ಬೆಳಗುತ್ತದೆ. ಒಂದೇ ಕಾರ್ಖಾನೆಯ ಒಂದೇ ಬಗೆಯ ಎರಡು ಮೋಟಾರ್, ಆದರೆ ಒಂದು ಈಗ ಜನರೇಟರ್. 1873ರ ವಿಯೆನ್ನಾ ವಿಶ್ವ ಪ್ರದರ್ಶನದಲ್ಲಿ ಇದನ್ನೇ ದೊಡ್ಡದಾಗಿ ಮಾಡಿ ತೋರಿಸಿದ್ದರು: ಜೆನೋಬ್ ಗ್ರಾಂ ಅವರ ಒಂದು ಡೈನಮೋದ ಕರೆಂಟ್ ದೂರದ ಇನ್ನೊಂದು ಡೈನಮೋವನ್ನು ಮೋಟಾರ್ ಆಗಿ ತಿರುಗಿಸಿ ನೀರಿನ ಪಂಪ್ ಓಡಿಸಿತು.

ಈಗ ಜನರೇಟರಿನ ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿ. ಮೊದಲ ಮೋಟಾರಿನ ಸದ್ದು ಕೂಡಲೇ ತಗ್ಗುತ್ತದೆ. ಅದರ ಸೆಲ್ ತಂತಿಯಲ್ಲಿ ಆಮೀಟರ್ ಇದ್ದರೆ ಕರೆಂಟ್ ಏರುವುದು ಕಾಣುತ್ತದೆ. ಜನರೇಟರ್ ಕರೆಂಟ್ ಕೊಡತೊಡಗಿದ ಕೂಡಲೇ ಅದರೊಳಗೆ ಮೋಟಾರಿನ ಬಲವೂ ಹುಟ್ಟುತ್ತದೆ, ಅದೂ ತಿರುಗುವ ದಿಕ್ಕಿಗೆ ಎದುರಾಗಿ. ಪುಕ್ಕಟೆ ಕರೆಂಟಿನ ವಿಡಿಯೋಗಳಲ್ಲಿ ಒಂದು ಮೋಟಾರಿನಿಂದ ಇನ್ನೊಂದನ್ನು ತಿರುಗಿಸಿ ಮನೆಗೆ ದೀಪ ಹಚ್ಚುವವರು ಈ ಎರಡು ಸೆಕೆಂಡಿನ ಪ್ರಯೋಗವನ್ನು ಮಾತ್ರ ತೋರಿಸುವುದಿಲ್ಲ.

ಸೈಕಲ್ ಡೈನಮೋದ ಬಗ್ಗೆ ಒಂದು ಮಾತು. ಹೆಸರು ಡೈನಮೋ ಆದರೂ 6 ವೋಲ್ಟ್ 3 ವಾಟಿನ ಆ ಬಾಟಲಿಯಲ್ಲಿ ಸುರುಳಿ ನಿಂತಿರುತ್ತದೆ, ಅಯಸ್ಕಾಂತ ತಿರುಗುತ್ತದೆ, ಕಮ್ಯುಟೇಟರ್ (ಸುರುಳಿಯ ಕರೆಂಟಿನ ದಿಕ್ಕು ಬದಲಿಸುವ, ಷಾಫ್ಟ್ ಮೇಲಿನ ತಾಮ್ರದ ಪಟ್ಟಿಗಳು) ಇರುವುದಿಲ್ಲ. ಅದು ಕೊಡುವುದು ಎಸಿ. ಬ್ಯಾಟರಿ ಚಾರ್ಜ್ ಮಾಡಬೇಕೆಂದರೆ ನಡುವೆ ಅದನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್ ಬೇಕು.

ಹಂತ 3: ಲೆಕ್ಕ ಹಾಕಿ

ಅಯಸ್ಕಾಂತ ಇರುವ ಒಂದು 12 ವೋಲ್ಟ್ ಮೋಟಾರ್ ತೆಗೆದುಕೊಳ್ಳೋಣ. ಆರ್ಮೇಚರ್ (ತಿರುಗುವ ಸುರುಳಿಗಳ ಭಾಗ) ರೋಧ 0.5 ಓಮ್. ಲೋಡ್ ಇಲ್ಲದೆ ಓಡುವಾಗ 1 ಆಂಪಿಯರ್ ಎಳೆಯುತ್ತದೆ, ವೇಗ 2300 ಆರ್‌ಪಿಎಂ (ನಿಮಿಷಕ್ಕೆ ಸುತ್ತು).

ಲೋಡ್ ಇಲ್ಲದಾಗ ರೋಧದಲ್ಲಿ ಕಳೆದುಹೋಗುವುದು 1 × 0.5, ಅಂದರೆ 0.5 ವೋಲ್ಟ್. ಉಳಿದ 11.5 ವೋಲ್ಟಿಗೆ ಎದುರಾಗಿ ನಿಂತಿರುವುದು ಮೋಟಾರೇ ಹುಟ್ಟಿಸಿದ ವೋಲ್ಟೇಜ್. ಇದನ್ನೇ ಬ್ಯಾಕ್ ಇಎಂಎಫ್ ಎನ್ನುತ್ತಾರೆ. 2300ನ್ನು 11.5ರಿಂದ ಭಾಗಿಸಿದರೆ ಪ್ರತಿ ವೋಲ್ಟಿಗೆ 200 ಆರ್‌ಪಿಎಂ. ಈ 200 ಎಂಬುದು ಆ ಮೋಟಾರಿನ ಜಾತಕ, ಬರೆದಿಟ್ಟುಕೊಳ್ಳಿ.

ಲೋಡ್ ಹಾಕಿದಿರಿ, ಕರೆಂಟ್ 5 ಆಂಪಿಯರಿಗೆ ಏರಿತು. ರೋಧದಲ್ಲಿ 2.5 ವೋಲ್ಟ್ ಹೋಯಿತು, ಎದುರು ವೋಲ್ಟೇಜ್ 9.5 ಉಳಿಯಿತು, ವೇಗ 1900ಕ್ಕೆ ಇಳಿಯಿತು. ಬ್ಯಾಟರಿ ಕೊಡುವ 60 ವಾಟಿನಲ್ಲಿ 9.5 × 5, ಅಂದರೆ 47.5 ವಾಟ್ ತಿರುಗುವ ಶಕ್ತಿಯಾಗುತ್ತದೆ, 12.5 ವಾಟ್ ತಂತಿಯನ್ನು ಬಿಸಿ ಮಾಡುತ್ತದೆ. ಹೊಮ್ಮುವ ಶಕ್ತಿಯ ಲೆಕ್ಕದಲ್ಲಿ ಎದುರು ವೋಲ್ಟೇಜೇ ಗುಣಕ ಎನ್ನುವುದನ್ನು ಗಮನಿಸಿ. ಅದು ನಷ್ಟವಲ್ಲ, ಕೆಲಸ ನಡೆಯುವುದೇ ಅದರ ಎದುರಿನಲ್ಲಿ.

ಷಾಫ್ಟ್ ಹಿಡಿದು ನಿಲ್ಲಿಸಿದಿರಿ. ಎದುರು ವೋಲ್ಟೇಜ್ ಸೊನ್ನೆ. 12 ÷ 0.5, ಅಂದರೆ 24 ಆಂಪಿಯರ್. 288 ವಾಟ್ ಪೂರ್ತಿ ಶಾಖ, ಮೊದಲಿನ 12.5ರ ಇಪ್ಪತ್ಮೂರು ಪಟ್ಟು. ಜೊತೆಗೆ ಗಾಳಿ ಬೀಸುವ ಫ್ಯಾನೂ ನಿಂತಿದೆ. ಮಿಕ್ಸಿಯಲ್ಲಿ ಆದದ್ದು ಇದೇ. ಮಿಕ್ಸಿಗೆ ಕೊಡುವುದು ಎಸಿ ಆದ್ದರಿಂದ ಕಾಯಿಲ್‌ನ ಇಂಡಕ್ಟನ್ಸ್ ಸ್ವಲ್ಪ ತಡೆಯುತ್ತದೆ, ಆದರೂ ಸುಡುವುದು ತಪ್ಪುವುದಿಲ್ಲ. ಫೀಲ್ಡ್ (ಅಯಸ್ಕಾಂತದ ಬದಲು ಇರುವ ನಿಂತ ಕಾಯಿಲ್) ಮತ್ತು ಆರ್ಮೇಚರ್ ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ, ಇರುವುದರಿಂದ ಎರಡರಲ್ಲೂ ಕರೆಂಟ್ ಒಟ್ಟಿಗೇ ದಿಕ್ಕು ಬದಲಿಸುತ್ತದೆ, ತಳ್ಳುವ ದಿಕ್ಕು ಬದಲಾಗುವುದಿಲ್ಲ. ಹಾಗಾಗಿಯೇ ಡಿಸಿ ಸೀರೀಸ್ ಮೋಟಾರಿನ ಈ ತಮ್ಮ ಎಸಿಯಲ್ಲೂ ಓಡುತ್ತಾನೆ.

ಇನ್ನು ಅದೇ 12 ವೋಲ್ಟ್ ಮೋಟಾರನ್ನು ಜನರೇಟರ್ ಮಾಡಿ. ಕೈಮಿಷನ್ನಿನಿಂದಲೋ ಬೆಲ್ಟಿನಿಂದಲೋ 2300 ಆರ್‌ಪಿಎಂಗೆ ತಿರುಗಿಸಿದರೆ ಖಾಲಿ ತಂತಿಯಲ್ಲಿ 11.5 ವೋಲ್ಟ್. 12.5 ವೋಲ್ಟಿನ ಬ್ಯಾಟರಿಗೆ 5 ಆಂಪಿಯರ್ ತುಂಬಬೇಕೆಂದರೆ ಒಳಗಿನ 2.5 ವೋಲ್ಟ್ ಇಳಿತ ಸೇರಿಸಿ 15 ವೋಲ್ಟ್ ಹುಟ್ಟಬೇಕು, ಅಂದರೆ 3000 ಆರ್‌ಪಿಎಂ. ಗಾಳಿಯಂತ್ರವೋ ಪೆಡಲ್ ಜನರೇಟರೋ ಮಾಡಲು ಹೊರಟವರು ಸೋಲುವುದು ಇಲ್ಲಿಯೇ. ಗುಜರಿಯಿಂದ ತಂದ ಮೋಟಾರ್ ಮೇಲೆ 12 ವೋಲ್ಟ್ ಎಂದು ಬರೆದದ್ದನ್ನು ನೋಡುತ್ತಾರೆ, ಎಷ್ಟು ಆರ್‌ಪಿಎಂಗೆ ಎಂದು ನೋಡುವುದಿಲ್ಲ. 300 ಆರ್‌ಪಿಎಂನಲ್ಲಿ ನಮ್ಮ ಈ ಮೋಟಾರ್ ಕೊಡುವುದು ಒಂದೂವರೆ ವೋಲ್ಟ್. ಪ್ರತಿ ವೋಲ್ಟಿಗೆ 15–20 ಆರ್‌ಪಿಎಂ ಇರುವ ನಿಧಾನ ಮೋಟಾರ್ ಹುಡುಕಿ, ಅಥವಾ ಪುಲ್ಲಿಯ ಅಳತೆ ಬದಲಿಸಿ. ಬ್ಯಾಟರಿಗೂ ಜನರೇಟರಿಗೂ ನಡುವೆ ಡಯೋಡ್ ಇರಲೇಬೇಕು. ಇಲ್ಲದಿದ್ದರೆ ಗಾಳಿ ನಿಂತಾಗ ಬ್ಯಾಟರಿಯೇ ಜನರೇಟರನ್ನು ಮೋಟಾರ್ ಮಾಡಿ ತಿರುಗಿಸುತ್ತಾ ರಾತ್ರಿಯಿಡೀ ಖಾಲಿಯಾಗುತ್ತದೆ. ಹಳೆಯ ಅಂಬಾಸಿಡರ್, ಜೀಪುಗಳ ಡೈನಮೋ ಜೊತೆ ಇರುತ್ತಿದ್ದ ಕಟೌಟ್ ರಿಲೇ ಮಾಡುತ್ತಿದ್ದದ್ದು ಇದೇ ಕಾವಲು.

ಹಂತ 4: ಕಮ್ಯುಟೇಟರ್ ಹತ್ತಿರ ಹೋಗಿ ನೋಡಿ

ಯಂತ್ರದ ಉಳಿದ ಭಾಗಗಳು ಸರಳ. ಹೊರಗಿನ ಕಬ್ಬಿಣದ ಕವಚ, ಅದಕ್ಕೆ ಬೋಲ್ಟ್ ಮಾಡಿದ ಪೋಲ್‌ಗಳು, ಪೋಲ್ ಮೇಲೆ ಫೀಲ್ಡ್ ಕಾಯಿಲ್ (ಚಿಕ್ಕ ಮೋಟಾರಿನಲ್ಲಿ ಬರೀ ಅಯಸ್ಕಾಂತ), ನಡುವೆ ತೆಳು ತಗಡುಗಳನ್ನು ಪೇರಿಸಿ ಮಾಡಿದ ಆರ್ಮೇಚರ್. ತಗಡೇ ಏಕೆ ಎಂದರೆ, ಇಡೀ ಕಬ್ಬಿಣದ ಗಟ್ಟಿಯಾಗಿದ್ದರೆ ಅದರೊಳಗೇ ಸುಳಿ ಕರೆಂಟ್ ಹರಿದು ಬಿಸಿಯಾಗುತ್ತದೆ.

ಆದರೆ ಯಂತ್ರದ ಜೀವ ಇರುವುದು ಕಮ್ಯುಟೇಟರಿನಲ್ಲಿ. ಶಾಲೆಯ ಚಿತ್ರದಲ್ಲಿ ಅದು ಸೀಳಿದ ಎರಡು ಅರ್ಧ ಉಂಗುರ. ನಿಜವಾದ ಯಂತ್ರದಲ್ಲಿ ಹತ್ತಾರು ತಾಮ್ರದ ಪಟ್ಟಿಗಳು, ಎರಡು ಪಟ್ಟಿಗಳ ನಡುವೆ ಮೈಕಾ. ಪ್ರತಿ ಸುರುಳಿಯ ಎರಡು ತುದಿ ಎರಡು ಪಟ್ಟಿಗಳಿಗೆ ಬೆಸುಗೆಯಾಗಿರುತ್ತದೆ. ಬ್ರಷ್ (ಪಟ್ಟಿಗಳಿಗೆ ಒತ್ತಿ ನಿಂತು ಕರೆಂಟ್ ದಾಟಿಸುವ ತುಂಡು) ಒಂದು ಪಟ್ಟಿಯಿಂದ ಮುಂದಿನದಕ್ಕೆ ದಾಟುವಾಗ ಎರಡನ್ನೂ ಒಟ್ಟಿಗೆ ಮುಟ್ಟಿ, ನಡುವಿನ ಸುರುಳಿಯನ್ನು ಕ್ಷಣಕಾಲ ಷಾರ್ಟ್ ಮಾಡುತ್ತದೆ. ಆ ಕ್ಷಣದಲ್ಲೇ ಸುರುಳಿಯಲ್ಲಿನ ಕರೆಂಟ್ ಪೂರ್ತಿ ನಿಂತು, ಎದುರು ದಿಕ್ಕಿನಲ್ಲಿ ಪೂರ್ತಿ ಹರಿಯಬೇಕು. 48 ಪಟ್ಟಿಯ ಕಮ್ಯುಟೇಟರ್ 1500 ಆರ್‌ಪಿಎಂನಲ್ಲಿ ತಿರುಗಿದರೆ ಸೆಕೆಂಡಿಗೆ 1200 ಪಟ್ಟಿಗಳು ಬ್ರಷ್ ಕೆಳಗೆ ಹಾಯುತ್ತವೆ. ಒಂದೊಂದಕ್ಕೆ ಸಿಗುವುದು ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ತಿರುಗದೆ ಉಳಿದ ಕರೆಂಟ್ ಪಟ್ಟಿ ಬಿಟ್ಟುಹೋಗುವಾಗ ಕಿಡಿಯಾಗುತ್ತದೆ. ಮಿಕ್ಸಿಯ ಮೋಟಾರ್ 18,000 ಆರ್‌ಪಿಎಂ ದಾಟುವುದರಿಂದ ಅಲ್ಲಿ ಸಣ್ಣ ನೀಲಿ ಕಿಡಿ ಇದ್ದೇ ಇರುತ್ತದೆ, ಹೆದರಬೇಕಿಲ್ಲ.

ಕಿಡಿ ತಗ್ಗಿಸಲು ಮೂರು ಉಪಾಯಗಳಿವೆ. ಮೊದಲನೆಯದು ಕಾರ್ಬನ್. ತಾಮ್ರಕ್ಕಿಂತ ಅದರ ಸ್ಪರ್ಶ ರೋಧ ಹೆಚ್ಚು, ಹಾಗಾಗಿ ಬಿಟ್ಟುಹೋಗುವ ಪಟ್ಟಿಯಿಂದ ಬರುವ ಪಟ್ಟಿಗೆ ಕರೆಂಟನ್ನು ಅದೇ ಒತ್ತಿ ತಳ್ಳುತ್ತದೆ. ಇದಕ್ಕೆ ಕೊಡಬೇಕಾದ ಬೆಲೆ ಒಂದು ಬ್ರಷ್‌ಗೆ ಸುಮಾರು 1 ವೋಲ್ಟ್. 220 ವೋಲ್ಟ್ ಯಂತ್ರಕ್ಕೆ ಎರಡು ವೋಲ್ಟ್ ಲೆಕ್ಕಕ್ಕಿಲ್ಲ, ಆದರೆ 12 ವೋಲ್ಟ್ ಸ್ಟಾರ್ಟರ್ ಮೋಟಾರಿಗೆ ಅದು ಆರರಲ್ಲಿ ಒಂದು ಭಾಗ. ಅದಕ್ಕೇ ಸ್ಟಾರ್ಟರಿನ ಬ್ರಷ್ ತಾಮ್ರದ ಪುಡಿ ಬೆರೆಸಿದ ಕೆಂಚು ಬಣ್ಣದ್ದು, ಮಿಕ್ಸಿಯದು ಕಪ್ಪು. ಅಳತೆ ಸರಿಹೋಯಿತೆಂದು ಕಪ್ಪು ಬ್ರಷ್ ಉಜ್ಜಿ ಸ್ಟಾರ್ಟರಿಗೆ ಹಾಕಿದರೆ ಎಂಜಿನ್ ಎಳೆಯಲು ಬಲ ಸಾಲುವುದಿಲ್ಲ, ಬ್ರಷ್ ಕೆಂಡವಾಗುತ್ತದೆ.

ಎರಡನೆಯದು ಬ್ರಷ್ ಜಾಗ. ಲೋಡ್ ಹೆಚ್ಚಿದಂತೆ ಆರ್ಮೇಚರಿನದೇ ಕಾಂತಕ್ಷೇತ್ರ ಮುಖ್ಯ ಕ್ಷೇತ್ರವನ್ನು ಓರೆ ಮಾಡುತ್ತದೆ. ಕ್ಷೇತ್ರವಿಲ್ಲದ ತಟಸ್ಥ ರೇಖೆ ಜಾಗ ಬಿಡುತ್ತದೆ. ಜನರೇಟರಿನಲ್ಲಿ ಬ್ರಷ್ ಹಿಡಿದ ಚೌಕಟ್ಟನ್ನು ತಿರುಗುವ ದಿಕ್ಕಿಗೆ, ಮೋಟಾರಿನಲ್ಲಿ ತಿರುಗುವ ದಿಕ್ಕಿಗೆ ಎದುರಾಗಿ ತುಸು ಸರಿಸಬೇಕಾಗುವುದು ಇದರಿಂದ. ಮೂರನೆಯದು, ದೊಡ್ಡ ಯಂತ್ರಗಳಲ್ಲಿ ಮುಖ್ಯ ಪೋಲ್‌ಗಳ ನಡುವೆ ಇರುವ ಸಣ್ಣ ಇಂಟರ್‌ಪೋಲ್. ಅದರ ಕಾಯಿಲ್ ಆರ್ಮೇಚರ್ ಜೊತೆ ಸೀರೀಸಿನಲ್ಲಿರುವುದರಿಂದ ಲೋಡ್ ಎಷ್ಟೋ ಸಹಾಯವೂ ಅಷ್ಟೇ. ಇಂಟರ್‌ಪೋಲ್ ಇದ್ದರೆ ಬ್ರಷ್ ಸರಿಸಬೇಡಿ, ಕಾರ್ಖಾನೆಯ ಗುರುತಿನಲ್ಲೇ ಇರಲಿ. ಮೋಟಾರಿನ ದಿಕ್ಕು ಬದಲಿಸುವಾಗ ಆರ್ಮೇಚರ್ ಮತ್ತು ಇಂಟರ್‌ಪೋಲನ್ನು ಬಿಡಿಸದೆ ಜೋಡಿಯಾಗಿಯೇ ತಿರುಗುಮುರುಗು ಮಾಡಿ. ಫೀಲ್ಡ್, ಆರ್ಮೇಚರ್ ಎರಡನ್ನೂ ತಿರುಗಿಸಿದರೆ ಮೋಟಾರ್ ಹಳೆಯ ದಿಕ್ಕಿಗೇ ಓಡುತ್ತದೆ.

ಐಟಿಐ ವಿದ್ಯಾರ್ಥಿಗಳಿಗೆ ಬೇಕಾಗುವ ಸೂತ್ರವೂ ಇಲ್ಲೇ ಇರಲಿ. ಹುಟ್ಟುವ ವೋಲ್ಟೇಜ್ = ಪೋಲ್ ಸಂಖ್ಯೆ × ಒಂದು ಪೋಲಿನ ಫ್ಲಕ್ಸ್ (ಕಾಂತಕ್ಷೇತ್ರದ ಮೊತ್ತ, ವೆಬರಿನಲ್ಲಿ) × ಕಂಡಕ್ಟರ್ ಸಂಖ್ಯೆ × ಆರ್‌ಪಿಎಂ ÷ (60 × ಸಮಾಂತರ ದಾರಿಗಳು). 4 ಪೋಲ್, 0.02 ವೆಬರ್, 480 ಕಂಡಕ್ಟರ್, 1500 ಆರ್‌ಪಿಎಂ ಎಂದಿಟ್ಟುಕೊಳ್ಳಿ. ಸುರುಳಿಗಳನ್ನು ಪಟ್ಟಿಗಳಿಗೆ ಜೋಡಿಸುವ ಬಗೆ ಎರಡು: ಲ್ಯಾಪ್, ವೇವ್. ಲ್ಯಾಪ್ ವೈಂಡಿಂಗಿನಲ್ಲಿ ದಾರಿಗಳು ಪೋಲ್ ಸಂಖ್ಯೆಯಷ್ಟೇ, ನಾಲ್ಕು. ಹಾಗಾಗಿ 240 ವೋಲ್ಟ್. ವೇವ್ ವೈಂಡಿಂಗಿನಲ್ಲಿ ಯಾವಾಗಲೂ ಎರಡೇ ದಾರಿ, ಹಾಗಾಗಿ 480 ವೋಲ್ಟ್. ಹೆಚ್ಚು ಕರೆಂಟಿಗೆ ಲ್ಯಾಪ್, ಹೆಚ್ಚು ವೋಲ್ಟೇಜಿಗೆ ವೇವ್ ಎನ್ನುವುದು ಇದರಿಂದಲೇ ಬಂದದ್ದು.

ಹಂತ 5: ಷಂಟ್, ಸೀರೀಸ್, ಮತ್ತು ಕೈಮೀರಿ ಓಡುವ ಅಪಾಯ

ಫೀಲ್ಡ್ ಕಾಯಿಲ್ ಆರ್ಮೇಚರಿಗೆ ಸಮಾಂತರವಾಗಿದ್ದರೆ ಷಂಟ್. ಸಣ್ಣ ತಂತಿ, ಬಹಳ ಸುತ್ತು, ಲೋಡ್ ಬದಲಾದರೂ ವೇಗ ಹೆಚ್ಚು ಅಲ್ಲಾಡುವುದಿಲ್ಲ. ಲೇತಿಗೆ ಒಳ್ಳೆಯದು. ಸೀರೀಸಿನಲ್ಲಿದ್ದರೆ ದಪ್ಪ ತಂತಿ, ಕೆಲವೇ ಸುತ್ತು, ಹೊರಡುವಾಗ ಭಾರಿ ಎಳೆತ. ಡಬ್ಲ್ಯುಎಪಿ-4, ಡಬ್ಲ್ಯುಎಜಿ-7 ರೈಲು ಎಂಜಿನ್‌ಗಳ ಆರಾರು ಮೋಟಾರ್‌ಗಳು ಈ ಬಗೆಯವು. ಎರಡೂ ಬಗೆಯ ಕಾಯಿಲ್ ಇದ್ದರೆ ಕಾಂಪೌಂಡ್, ಪ್ರೆಸ್, ಷಿಯರಿಂಗ್ ಮಿಷನ್ನಿನಂತಹ ಧಕ್ಕೆಯ ಲೋಡಿಗೆ. ಅಂದಹಾಗೆ ನಮ್ಮ ಮೆಟ್ರೋದ ಮೂರನೇ ಹಳಿಯಲ್ಲಿ 750 ವೋಲ್ಟ್ ಡಿಸಿ ಇದ್ದರೂ ರೈಲಿನ ಕೆಳಗಿರುವುದು ಡಿಸಿ ಮೋಟಾರ್ ಅಲ್ಲ. ಇನ್ವರ್ಟರ್ ಅದನ್ನು ಮೂರು ಫೇಸ್ ಎಸಿ ಮಾಡಿ ಮೋಟಾರಿಗೆ ಕೊಡುತ್ತದೆ.

ಮೋಟಾರ್ ವೇಗ ಏರುವುದು ಎಲ್ಲಿಯವರೆಗೆ? ಎದುರು ವೋಲ್ಟೇಜ್ ಸಪ್ಲೈಗೆ ಹತ್ತಿರ ಬರುವವರೆಗೆ. ಫೀಲ್ಡ್ ದುರ್ಬಲವಾದರೆ ಅದೇ ವೋಲ್ಟೇಜ್ ಹುಟ್ಟಿಸಲು ಹೆಚ್ಚು ವೇಗ ಬೇಕು, ಹಾಗಾಗಿ ಮೋಟಾರ್ ಇನ್ನೂ ಜೋರಾಗಿ ಓಡುತ್ತದೆ. ಕಾರಿನ ವೈಪರ್ ಮೋಟಾರಿನ ಮೂರನೆಯ ಬ್ರಷ್ ಈ ಲೆಕ್ಕವನ್ನೇ ಬೇರೆ ರೀತಿಯಲ್ಲಿ ಬಳಸುತ್ತದೆ. ಓರೆಯಾಗಿ ಕೂತ ಆ ಬ್ರಷ್ ಬ್ರಷ್‌ಗಳ ನಡುವೆ ಹುಟ್ಟುವ ಎದುರು ವೋಲ್ಟೇಜನ್ನು ತಗ್ಗಿಸುತ್ತದೆ, ವೈಪರ್ ಹೈ ಸ್ಪೀಡಿಗೆ ಹೋಗುತ್ತದೆ.

ಇದೇ ಲೆಕ್ಕ ಕೈತಪ್ಪಿದರೆ ಅನಾಹುತ. ಓಡುತ್ತಿರುವ ಷಂಟ್ ಮೋಟಾರಿನ ಫೀಲ್ಡ್ ತಂತಿ ಕಳಚಿದರೆ, ಅದರಲ್ಲೂ ಲೋಡ್ ಕಡಿಮೆ ಇದ್ದರೆ, ವೇಗ ಏರುತ್ತಲೇ ಹೋಗಿ ಆರ್ಮೇಚರಿನ ಸುರುಳಿಗಳು ಹೊರಗೆ ಸಿಡಿಯಬಹುದು. ಸೀರೀಸ್ ಮೋಟಾರಿಗೆ ಲೋಡ್ ಇಲ್ಲದಿರುವುದೇ ಈ ಅಪಾಯ, ಹಾಗಾಗಿ ದೊಡ್ಡ ಸೀರೀಸ್ ಮೋಟಾರನ್ನು ಬೆಲ್ಟಿಗೆ ಜೋಡಿಸುವುದಿಲ್ಲ. ಗೇರ್ ಅಥವಾ ನೇರ ಕಪ್ಲಿಂಗ್ ಮಾತ್ರ. ವರ್ಕ್‌ಷಾಪಿನ ಮೇಜಿನ ಮೇಲೆ ಇಟ್ಟು ಪೂರ್ತಿ ವೋಲ್ಟೇಜ್ ಕೊಟ್ಟು ನೋಡುವುದೂ ಬೇಡ.

ದೊಡ್ಡ ಷಂಟ್ ಮೋಟಾರಿಗೆ ಸ್ಟಾರ್ಟರ್ (ಕಾರಿನ ಸ್ಟಾರ್ಟರ್ ಮೋಟಾರ್ ಅಲ್ಲ, ಹೊರಡುವಾಗ ಕರೆಂಟ್ ತಡೆಯುವ ರೆಸಿಸ್ಟರ್ ಪೆಟ್ಟಿಗೆ) ಬೇಕಾಗುವುದೂ ಎದುರು ವೋಲ್ಟೇಜ್ ಇನ್ನೂ ಹುಟ್ಟಿಲ್ಲ ಎಂಬ ಕಾರಣಕ್ಕೆ. 220 ವೋಲ್ಟ್, ಆರ್ಮೇಚರ್ 0.5 ಓಮ್, ಫುಲ್ ಲೋಡ್ 40 ಆಂಪಿಯರ್ ಎಂದರೆ ನೇರ ಸ್ವಿಚ್ ಹಾಕಿದಾಗ 440 ಆಂಪಿಯರ್. ಹೊರಡುವಾಗ 60 ಆಂಪಿಯರ್ ಮೀರಬಾರದೆಂದರೆ ಒಟ್ಟು 3.67 ಓಮ್ ಬೇಕು, ಅಂದರೆ ಹೊರಗೆ ಸುಮಾರು 3.2 ಓಮ್ ಸೇರಿಸಬೇಕು. ತ್ರೀ ಪಾಯಿಂಟ್ ಸ್ಟಾರ್ಟರಿನ ಹಿಡಿಯನ್ನು ಒಂದೊಂದೇ ಸ್ಟಡ್ ದಾಟಿಸುವಾಗ ನೀವು ತೆಗೆಯುತ್ತಿರುವುದು ಆ 3.2 ಓಮನ್ನು ತುಂಡು ತುಂಡಾಗಿ. ವೇಗ ಏರುವವರೆಗೆ ಕಾದು ಮುಂದಿನ ಸ್ಟಡ್‌ಗೆ ಹೋಗಿ. ನಡುವೆ ನಿಲ್ಲಿಸಿಕೊಂಡು ಮಾತಿಗೆ ಕೂರಬೇಡಿ, ಆ ರೆಸಿಸ್ಟರ್ ಹೊರಡುವ ಹೊತ್ತಿಗಷ್ಟೇ ಮಾಡಿದ್ದು. ಕೊನೆಯಲ್ಲಿ ಹಿಡಿಯನ್ನು ಹಿಡಿದಿಡುವ ನೋ ವೋಲ್ಟ್ ಕಾಯಿಲ್ ಫೀಲ್ಡ್ ಜೊತೆ ಸೀರೀಸಿನಲ್ಲಿದೆ. ಫೀಲ್ಡ್ ಕಡಿದರೆ ಹಿಡಿ ತಾನೇ ಹಿಂದಕ್ಕೆ ಬೀಳುತ್ತದೆ. ಹಿಡಿ ನಿಲ್ಲುತ್ತಿಲ್ಲವೆಂದು ಅದಕ್ಕೆ ದಾರ ಕಟ್ಟಿಟ್ಟ ವರ್ಕ್‌ಷಾಪುಗಳಿವೆ. ಅದು ಸಿಡಿಯುವ ಆರ್ಮೇಚರಿಗೆ ಇದ್ದ ಒಂದೇ ಕಾವಲನ್ನು ಕಿತ್ತುಹಾಕಿದಂತೆ.

ಹಂತ 6: ಜನರೇಟರ್ ತಿರುಗುತ್ತಿದೆ, ವೋಲ್ಟೇಜ್ ಇಲ್ಲ

ಷಂಟ್ ಜನರೇಟರ್ ತನ್ನ ಫೀಲ್ಡ್ ಕರೆಂಟನ್ನು ತಾನೇ ಕೊಟ್ಟುಕೊಳ್ಳುತ್ತದೆ. ಶುರುವಾಗುವುದು ಕಬ್ಬಿಣದಲ್ಲಿ ಉಳಿದ ಚೂರು ಕಾಂತತ್ವದಿಂದ. ಅದು ಕೆಲವು ವೋಲ್ಟ್ ಹುಟ್ಟಿಸುತ್ತದೆ, ಆ ವೋಲ್ಟ್ ಫೀಲ್ಡ್ ಹೆಚ್ಚಿಸುತ್ತದೆ, ಮತ್ತೆ ವೋಲ್ಟ್ ಏರುತ್ತದೆ. ಈ ಸರಪಳಿ ಎಲ್ಲೋ ತುಂಡಾಗಿದ್ದರೆ ಹೀಗೆ ಹುಡುಕಿ.

ಮೊದಲು ಲೋಡ್ ತೆಗೆದು, ವೇಗ ಹೆಸರು ಪಟ್ಟಿಯಲ್ಲಿ ಬರೆದಷ್ಟಿದೆಯೇ ಅಳೆಯಿರಿ. ಬೆಲ್ಟ್ ಜಾರುವುದೇ ಎಷ್ಟೋ ಸಲ ಕಾರಣ. ಯಂತ್ರ ನಿಲ್ಲಿಸಿ ಫೀಲ್ಡ್ ತಂತಿ ಬಿಚ್ಚಿ ಮತ್ತೆ ತಿರುಗಿಸಿ, ಬ್ರಷ್‌ಗಳ ನಡುವೆ ಅಳೆಯಿರಿ. 220 ವೋಲ್ಟ್ ಯಂತ್ರ 4ರಿಂದ 8 ವೋಲ್ಟ್ ತೋರಿಸಿದರೆ ಉಳಿಕೆ ಕಾಂತತ್ವ ಸರಿಯಿದೆ. ಸೊನ್ನೆಯಾದರೆ ಫೀಲ್ಡ್ ಫ್ಲ್ಯಾಶ್ ಮಾಡಬೇಕು: ಯಂತ್ರ ನಿಂತಿರುವಾಗ, ಫೀಲ್ಡನ್ನು ಆರ್ಮೇಚರಿನಿಂದ ಬಿಡಿಸಿ, 12 ವೋಲ್ಟ್ ಬ್ಯಾಟರಿಯ ಪ್ಲಸ್ ಅನ್ನು ಫೀಲ್ಡಿನ ಪ್ಲಸ್‌ಗೆ ಕೆಲವು ಸೆಕೆಂಡ್ ಹಿಡಿಯಿರಿ. ತೆಗೆಯುವಾಗ ಬರಿಗೈ ಬೇಡ. ಸಾವಿರಾರು ಸುತ್ತಿನ ಕಾಯಿಲ್ ಕಡಿದಾಗ ಬರುವ ಹೊಡೆತ 12 ವೋಲ್ಟಿನದಾಗಿರುವುದಿಲ್ಲ.

ಉಳಿಕೆ ವೋಲ್ಟೇಜ್ ಇದೆ, ಆದರೆ ಫೀಲ್ಡ್ ಜೋಡಿಸಿದ ಕೂಡಲೇ ಅದು ಏರುವ ಬದಲು ಇಳಿಯುತ್ತದೆ ಎಂದರೆ ಫೀಲ್ಡ್ ತಂತಿಗಳು ಅದಲುಬದಲಾಗಿವೆ, ಅಥವಾ ಯಂತ್ರವನ್ನು ಉಲ್ಟಾ ತಿರುಗಿಸುತ್ತಿದ್ದೀರಿ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ ಎಂದರೆ ಫೀಲ್ಡ್ ತುಂಡಾಗಿದೆ, ಬ್ರಷ್ ಕಮ್ಯುಟೇಟರನ್ನು ಸರಿಯಾಗಿ ಮುಟ್ಟುತ್ತಿಲ್ಲ, ಇಲ್ಲವೇ ರಿಯೋಸ್ಟಾಟ್ (ಫೀಲ್ಡ್ ದಾರಿಯಲ್ಲಿ ಹೆಚ್ಚುಕಡಿಮೆ ಮಾಡಬಹುದಾದ ರೆಸಿಸ್ಟರ್) ಪೂರ್ತಿ ಒಳಗಿದೆ. ಫೀಲ್ಡ್ ದಾರಿಯ ರೋಧ ಒಂದು ಮಿತಿ ದಾಟಿದರೆ ವೋಲ್ಟೇಜ್ ಬೆಳೆಯುವುದೇ ಇಲ್ಲ. ರಿಯೋಸ್ಟಾಟನ್ನು ಕನಿಷ್ಠಕ್ಕೆ ತಂದು ನೋಡಿ, ಒಂದೊಂದೇ ಬ್ರಷನ್ನು ಒಣ ಮರದ ಕಡ್ಡಿಯಿಂದ ಒತ್ತಿ ನೋಡಿ. ಒತ್ತಿದಾಗ ಮೀಟರಿನ ಮುಳ್ಳು ಜಿಗಿದರೆ ಕಳ್ಳ ಸಿಕ್ಕಿದ.

ಹಂತ 7: ಬ್ರಷ್, ಕಮ್ಯುಟೇಟರ್, ಆರ್ಮೇಚರ್

ಆರೋಗ್ಯವಂತ ಕಮ್ಯುಟೇಟರ್ ಥಳಥಳ ಹೊಳೆಯುವುದಿಲ್ಲ. ಒಂದೇ ಸಮನಾದ ಚಾಕಲೇಟ್ ಕಂದು ಬಣ್ಣದ ತೆಳು ಪದರ ಇರುತ್ತದೆ. ಅದನ್ನು ಕೊಳೆ ಎಂದು ಉಜ್ಜಿ ತೆಗೆಯುವುದು ಹೊಸಬರು ಮಾಡುವ ಮೊದಲ ತಪ್ಪು. ಒಂದೆರಡು ಪಟ್ಟಿಗಳು ಮಾತ್ರ ಕಪ್ಪಗೆ ಸುಟ್ಟು, ಓಡುವಾಗ ಉದ್ದನೆಯ ಕಿಡಿ ಕಮ್ಯುಟೇಟರ್ ಸುತ್ತ ಹರಿಯುತ್ತಿದ್ದರೆ ಆ ಪಟ್ಟಿಗೆ ಸೇರಿದ ಸುರುಳಿ ತುಂಡಾಗಿದೆ ಅಥವಾ ಬೆಸುಗೆ ಬಿಟ್ಟಿದೆ. ಕಟಕಟ ಸದ್ದಿನ ಜೊತೆ ಸುತ್ತಲೂ ಕಿಡಿ ಇದ್ದರೆ ತಾಮ್ರ ಸವೆದು ಮೈಕಾ ಎದ್ದು ನಿಂತಿದೆ. ಹ್ಯಾಕ್ಸಾ ಬ್ಲೇಡಿನ ಹಲ್ಲಿನ ಬದಿಗಳನ್ನು ಸಾಣೆ ಹಿಡಿದು ತೆಳು ಮಾಡಿ, ಮೈಕಾವನ್ನು 0.8 ಮಿಲಿಮೀಟರಿನಷ್ಟು ಆಳಕ್ಕೆ ಕೆರೆಯಿರಿ. ಚಿಕ್ಕ ಆರ್ಮೇಚರಿಗೆ ಇನ್ನೂ ಕಡಿಮೆ ಸಾಕು. ತಾಮ್ರದ ಚೂರು ಸೀಳಿನಲ್ಲಿ ಉಳಿಯದಂತೆ ಕೂದಲಿನ ಬ್ರಷ್ ಹಾಕಿ ತೆಗೆಯಿರಿ.

ಬ್ರಷ್ ಮೂರನೇ ಒಂದು ಭಾಗಕ್ಕೆ ಸವೆಯುವ ಮೊದಲೇ ಬದಲಿಸಿ. ಸ್ಪ್ರಿಂಗ್ ಒತ್ತಡ ಚದರ ಸೆಂಟಿಮೀಟರಿಗೆ 150ರಿಂದ 250 ಗ್ರಾಂ ಇರಬೇಕು. ಕಡಿಮೆಯಾದರೆ ಬ್ರಷ್ ಕುಣಿದು ಕಿಡಿ, ಹೆಚ್ಚಾದರೆ ಬಿಸಿ ಮತ್ತು ಸವೆತ. ಹೊಸ ಬ್ರಷ್‌ನ ಮುಖ ಚಪ್ಪಟೆ, ಕಮ್ಯುಟೇಟರ್ ದುಂಡು. ಹಾಗಾಗಿ ಮರಳು ಕಾಗದದ ಪಟ್ಟಿಯನ್ನು ಒರಟು ಮುಖ ಬ್ರಷ್ ಕಡೆಗೆ ಬರುವಂತೆ ನಡುವೆ ತೂರಿಸಿ, ಕಮ್ಯುಟೇಟರಿಗೆ ಅಪ್ಪಿಕೊಂಡಂತೆ ಹಿಡಿದು, ತಿರುಗುವ ದಿಕ್ಕಿಗೆ ಎಳೆಯಿರಿ. ಎಮರಿ ಕಾಗದ ಬೇಡ, ಅದರ ಕಣಗಳು ಬ್ರಷ್‌ಗೆ ಚುಚ್ಚಿಕೊಂಡು ತಾಮ್ರವನ್ನು ಗೀರುತ್ತವೆ. ಕೊನೆಗೆ ಕಾರ್ಬನ್ ಪುಡಿಯನ್ನು ವ್ಯಾಕ್ಯೂಮಿನಿಂದ ಹೀರಿ. ಬ್ಲೋವರ್ ಹಿಡಿದು ಊದಿದರೆ ಅದೇ ಪುಡಿ ವೈಂಡಿಂಗ್ ಒಳಗೆ ಸೇರಿ ಬಾಡಿಗೆ ಲೀಕೇಜ್ ಕೊಡುತ್ತದೆ.

ಆರ್ಮೇಚರ್ ಪರೀಕ್ಷೆಗೆ ಪಟ್ಟಿಯಿಂದ ಷಾಫ್ಟಿಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ. 220 ವೋಲ್ಟ್ ಯಂತ್ರ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಸುರುಳಿಗಳ ಒಳಗಿನ ಷಾರ್ಟ್ ಇದರಲ್ಲಿ ಕಾಣುವುದಿಲ್ಲ. ವೈಂಡಿಂಗ್ ಅಂಗಡಿಯವರು ಆರ್ಮೇಚರನ್ನು ಗ್ರೌಲರ್ (ಎಸಿಯಲ್ಲಿ ಓಡುವ ವಿದ್ಯುತ್ಕಾಂತ) ಮೇಲಿಟ್ಟು ಹ್ಯಾಕ್ಸಾ ಬ್ಲೇಡ್ ಹಿಡಿಯುತ್ತಾರೆ. ಷಾರ್ಟ್ ಇರುವ ಸುರುಳಿ ಕೂತ ಸೀಳಿನ ಮೇಲೆ ಬ್ಲೇಡ್ ಗರಗರ ನಡುಗುತ್ತದೆ. ಗ್ರೌಲರ್ ಇಲ್ಲದವರು 12 ವೋಲ್ಟ್ ಬ್ಯಾಟರಿಯನ್ನು 21 ವಾಟಿನ ಇಂಡಿಕೇಟರ್ ಬಲ್ಬ್ ಮೂಲಕ ಎರಡು ಎದುರುಬದುರು ಪಟ್ಟಿಗಳಿಗೆ ಕೊಟ್ಟು, ಪಕ್ಕಪಕ್ಕದ ಪಟ್ಟಿಗಳ ನಡುವೆ ಮಿಲಿವೋಲ್ಟ್ ಅಳೆಯುತ್ತಾ ಹೋಗಿ. ಇದು ಎರಡು ಪೋಲಿನ ಯಂತ್ರದ ಲೆಕ್ಕ. ಎಲ್ಲ ಜೋಡಿಗಳೂ ಒಂದೇ ಸಮ ಇರಬೇಕು. ಒಂದು ಜೋಡಿ ತೀರಾ ಕಡಿಮೆ ತೋರಿಸಿದರೆ ಅಲ್ಲಿ ಷಾರ್ಟ್. ಒಂದು ಅರ್ಧದಲ್ಲಿ ಎಲ್ಲವೂ ಸೊನ್ನೆ, ಒಂದು ಜೋಡಿ ಮಾತ್ರ ಜೋರಾಗಿ ತೋರಿಸಿದರೆ ಆ ಸುರುಳಿ ತುಂಡು. ಆರ್ಮೇಚರ್ ರೋಧ ಒಂದು ಓಮಿಗಿಂತ ಕಡಿಮೆ ಇರುವಾಗ ಮಲ್ಟಿಮೀಟರಿನ ಓಮ್ ರೇಂಜ್ ನಂಬಿ ತೀರ್ಪು ಕೊಡಬೇಡಿ.

ಹಂತ 8: ಕಾರಿನ ಸ್ಟಾರ್ಟರ್ ನಿಧಾನ ಎಳೆಯುತ್ತಿದ್ದರೆ

ಸ್ಟಾರ್ಟರ್ ಇಳಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ, ಎಂಜಿನ್ ಹತ್ತದಂತೆ ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆಯಿರಿ. ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಅಳೆಯಲಿ. ಒಮ್ಮೆಗೆ ಐದಾರು ಸೆಕೆಂಡ್ ಸಾಕು, ನಡುವೆ ಒಂದು ನಿಮಿಷ ಬಿಡಿ.

ಕ್ರ್ಯಾಂಕ್ ಮಾಡುವಾಗ ಬ್ಯಾಟರಿಯ ಸೀಸದ ಕಂಬಗಳ ಮೇಲೇ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿ ಪರೀಕ್ಷಿಸಿ. ಅದು ಸರಿಯಿದ್ದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರಿನ ದಪ್ಪ ಬೋಲ್ಟಿಗೆ. ಕ್ರ್ಯಾಂಕ್ ಮಾಡುವಾಗ ಅರ್ಧ ವೋಲ್ಟ್ ಮೀರಬಾರದು. ಆಮೇಲೆ ಮೈನಸ್ ಕಂಬದಿಂದ ಸ್ಟಾರ್ಟರಿನ ಬಾಡಿಗೆ ಅದೇ ಪರೀಕ್ಷೆ. 200 ಆಂಪಿಯರ್ ಹರಿಯುವಲ್ಲಿ ಟರ್ಮಿನಲ್ ಕ್ಲಾಂಪಿನ ಬಿಳಿ ಪುಡಿ ಒಂದು ಓಮಿನ ನೂರನೇ ಒಂದು ಭಾಗ ರೋಧ ತಂದರೂ 2 ವೋಲ್ಟ್ ಅಲ್ಲೇ ಸೋರುತ್ತದೆ. ಬಿಸಿನೀರು ಹಾಕಿ ತೊಳೆದು, ಕ್ಲಾಂಪಿನ ಒಳಮುಖ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿದರೆ ಮುಗಿಯುವ ಕೆಲಸಕ್ಕೆ ಹೊಸ ಸ್ಟಾರ್ಟರ್ ಕೊಂಡವರು ಬೇಕಾದಷ್ಟಿದ್ದಾರೆ.

ಮೂರೂ ಅಳತೆ ಸರಿಯಿದ್ದು ಸ್ಟಾರ್ಟರ್ ಇನ್ನೂ ನಿಧಾನ ಎಂದರೆ ಮಾತ್ರ, ಬ್ಯಾಟರಿಯ ಮೈನಸ್ ಬಿಚ್ಚಿ, ಅದನ್ನು ಇಳಿಸಿ. ಬಿಚ್ಚಿದಾಗ ಬ್ರಷ್‌ಗಿಂತ ಮೊದಲು ಆರ್ಮೇಚರಿನ ಮೈ ನೋಡಿ. ಒಂದು ಕಡೆ ತಗಡುಗಳು ಉಜ್ಜಿ ಬೆಳ್ಳಗೆ ಹೊಳೆಯುತ್ತಿದ್ದರೆ ತುದಿಯ ಬುಷ್ (ಷಾಫ್ಟ್ ತಿರುಗುವ ಲೋಹದ ಕೊಳವೆ) ಸವೆದು ಆರ್ಮೇಚರ್ ಪೋಲ್‌ಗೆ ತಗಲುತ್ತಿದೆ. ಬಲವೆಲ್ಲ ಆ ಉಜ್ಜಾಟಕ್ಕೇ ಹೋಗುತ್ತಿದೆ. ಹೊಸ ಬುಷ್ ತಂದು ರಾತ್ರಿಯಿಡೀ ಎಂಜಿನ್ ಆಯಿಲಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ವೈಸಿನಲ್ಲಿ ನೆಟ್ಟಗೆ ಒತ್ತಿ ಕೂರಿಸಿ. ಸುತ್ತಿಗೆಯಿಂದ ಹೊಡೆದರೆ ಬಾಯಿ ಮಡಚಿಕೊಂಡು ಷಾಫ್ಟ್ ಒಳಗೆ ಹೋಗುವುದಿಲ್ಲ.